ಚಿನ್ನ ಲಂಡನ್ನಿಗೆ, ದೂಳು ಕೋಲಾರಕ್ಕೆ

ಬೆಂಗಳೂರಿನ ಬನಶಂಕರಿ 2ನೇ ಹಂತದ ಈಶ್ವರನಗರದಲ್ಲಿ, ಹೊರವರ್ತುಲ ರಸ್ತೆಗೆ ಹೊಂದಿಕೊಂಡಂತೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಅಣೆಕಟ್ಟು ಕಟ್ಟುವವರು, ಸುರಂಗ ಕೊರೆಯುವವರು, ಗಣಿ ತೋಡುವವರು ಬಂಡೆಯ ಗುಣ ತಿಳಿಯಲು ಇಲ್ಲಿನ ವಿಜ್ಞಾನಿಗಳನ್ನು ಕೇಳುತ್ತಾರೆ. ಆದರೆ ಸಂಸ್ಥೆ ಹುಟ್ಟಿದ್ದು ಬೆಂಗಳೂರಿನಲ್ಲಲ್ಲ. 1988ರಲ್ಲಿ ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ ಅದು ಆರಂಭವಾಯಿತು. ಅಲ್ಲಿಯೇ ಆರಂಭವಾಗಲು ಕಾರಣವಿತ್ತು. ಊರಿಗಾಂ ಗಣಿಯಲ್ಲಿ 1898ರಲ್ಲೇ ಬಂಡೆ ತಾನಾಗಿ ಸಿಡಿದದ್ದು ದಾಖಲಾಗಿತ್ತು. ಆಳಕ್ಕೆ ಇಳಿದಷ್ಟೂ ಸಿಡಿತ ಹೆಚ್ಚಿತು. 1912ರಲ್ಲಿ ಅದನ್ನು ಅಳೆಯಲು ಗಣಿ ಪ್ರದೇಶದಲ್ಲಿ ಭೂಕಂಪಮಾಪಕವನ್ನೇ ಇಡಬೇಕಾಯಿತು. ಬಂಡೆಯ ವಿಷಯದಲ್ಲಿ ಇಂದು ನಮಗಿರುವ ತಿಳಿವಳಿಕೆಯ ಒಂದು ಪಾಲು ಸುರಂಗದಲ್ಲಿ ಸತ್ತವರಿಂದ ಬಂದದ್ದು.

ಬಂಡೆಯ ಲೆಕ್ಕ ಇಷ್ಟು ಜೋಪಾನವಾಗಿ ಬೆಂಗಳೂರಿಗೆ ಬಂದಿತು. ಬಂಡೆ ಒಡೆದವರ ಲೆಕ್ಕವನ್ನು ಮಾತ್ರ ಯಾರೂ ಮುಗಿಸಲಿಲ್ಲ. ಬೇರೆ ದೇಶದ ಗಣಿ ಕಂಪನಿಯೊಂದು ನಮ್ಮ ನೆಲಕ್ಕೆ ಬಂದಾಗ ಇಲ್ಲಿನ ಮನುಷ್ಯರಿಗೆ ಅದು ಯಾವ ಹೊಣೆ ಹೊರಬೇಕು ಎಂಬುದನ್ನು ವಿಶ್ವಸಂಸ್ಥೆ ಬರೆದು ಅಂಗೀಕರಿಸಿದ್ದು 2011ರಲ್ಲಿ. ಕರ್ನಾಟಕಕ್ಕೆ ಆ ಪ್ರಶ್ನೆ ಎದುರಾಗಿ ಅಷ್ಟರಲ್ಲಿ ನೂರಮೂವತ್ತು ವರ್ಷ ಕಳೆದಿತ್ತು.

ಮಾರಿಕುಪ್ಪದ ಮಣ್ಣು

1802ರಲ್ಲಿ ಮೈಸೂರು ಸೀಮೆಯ ಪೂರ್ವ ಗಡಿಯ ಮೋಜಣಿಗೆ ಬಂದಿದ್ದ ಬ್ರಿಟಿಷ್ ಸೇನಾಧಿಕಾರಿ ಜಾನ್ ವಾರನ್, ಈ ಭಾಗದ ಮಣ್ಣಿನಲ್ಲಿ ಚಿನ್ನವಿದೆಯೆಂಬ ಮಾತು ಕೇಳಿದ. ತೋರಿಸಿದವರಿಗೆ ಬಹುಮಾನ ಘೋಷಿಸಿದ. ಊರಿಗಾಂ, ಮಾರಿಕುಪ್ಪ ಕಡೆಯ ಹಳ್ಳಿಗರು ಅವನೆದುರೇ ಮಣ್ಣು ತೊಳೆದು ಚಿನ್ನದ ಕಣ ತೆಗೆದು ತೋರಿಸಿದರು. ಗಂಡಸರು ಸಣ್ಣ ಗುಂಡಿಗಳಿಗಿಳಿದು ಕಲ್ಲು ಮಣ್ಣು ತರುವುದು, ಹೆಂಗಸರು ಅದನ್ನು ಕುಟ್ಟಿ ತೊಳೆಯುವುದು ಅಲ್ಲಿ ಮೊದಲಿನಿಂದ ನಡೆದುಬಂದಿದ್ದ ಕಸುಬು. ವಾರನ್ ಬರೆದ ವರದಿ 1804ರಲ್ಲಿ ಅಚ್ಚಾಯಿತು.

ಆ ವರದಿ ಓದಿ ಮರುಳಾದವನು ಮೈಕೆಲ್ ಫಿಟ್ಜೆರಾಲ್ಡ್ ಲವೆಲ್. ನ್ಯೂಜಿಲೆಂಡಿನ ಮಾವೊರಿ ಯುದ್ಧದಲ್ಲಿದ್ದು ಬಂದು ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಇವನು. 1871ರಲ್ಲಿ ಎತ್ತಿನ ಗಾಡಿಯಲ್ಲಿ ಕೋಲಾರದ ಕಡೆಗೆ ಹೋಗಿ ನೆಲ ನೋಡಿ ಬಂದ. 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. 1875ರಲ್ಲಿ ಇಪ್ಪತ್ತು ವರ್ಷದ ಪರವಾನಗಿ ಅವನ ಕೈಸೇರಿತು. ಅಗೆಯುವಷ್ಟು ಹಣ ಅವನಲ್ಲಿರಲಿಲ್ಲ. ಹಕ್ಕು ಕೈಯಿಂದ ಕೈಗೆ ದಾಟಿತು. 1880ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಣಕ್ಕಿಳಿಯಿತು. ಹಲವು ದೇಶಗಳಲ್ಲಿ ಗಣಿ ನಡೆಸಿ ಪಳಗಿದ್ದ ಮನೆತನ ಅದು. ಮೊದಮೊದಲು ಅವರಿಗೂ ನಷ್ಟವೇ. ಷೇರುದಾರರು ಕೈಬಿಡುವ ಹಂತದಲ್ಲಿದ್ದಾಗ ಮೈಸೂರು ಎಂಬ ಹೆಸರಿನ ಗಣಿಯಲ್ಲಿ ಕ್ಯಾಪ್ಟನ್ ಪ್ಲಮ್ಮರ್ ಚಿನ್ನವಿದ್ದ ಚಾಂಪಿಯನ್ ಪದರವನ್ನು ಮುಟ್ಟಿದ. ಅಲ್ಲಿಂದ ಮುಂದೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ನಾಲ್ಕು ದೊಡ್ಡ ಕಂಪನಿಗಳು ಬೆಳೆದವು. ನಾಲ್ಕಕ್ಕೂ ಲಂಡನ್ನಿನಲ್ಲೇ ಆಡಳಿತ ಮಂಡಳಿ, ನಾಲ್ಕನ್ನೂ ನಡೆಸುವವರು ಟೇಲರ್ ಮನೆತನದವರು. ಮೈಸೂರು ಸರ್ಕಾರಕ್ಕೆ ತೆಗೆದ ಚಿನ್ನದ ಮೇಲೆ ನೂರಕ್ಕೆ ಐದರಷ್ಟು ರಾಜಧನ ಬರುತ್ತಿತ್ತು.

ಈ ಐದು ಪಾಲಿಗಾಗಿ ಸರ್ಕಾರ ಏನೆಲ್ಲ ಮಾಡಿಕೊಟ್ಟಿತು ಎಂಬುದು ಗಮನಿಸಬೇಕಾದ ಸಂಗತಿ. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಕ್ಕೆ ರೈಲು ಹಾಕಿತು. ದಿವಾನ್ ಶೇಷಾದ್ರಿ ಅಯ್ಯರ್ ಮುಂದಾಗಿ ಶಿವನಸಮುದ್ರದಲ್ಲಿ ವಿದ್ಯುದಾಗಾರ ಕಟ್ಟಿಸಿದರು. ಕಾವೇರಿಯ ವಿದ್ಯುತ್ತು 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ದೂರದ ಗಣಿಗೆ ಹರಿಯಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರ ಆಗಸ್ಟ್ 5ರಂದು. ನಮ್ಮ ನಗರ ಹೆಮ್ಮೆಯಿಂದ ನೆನೆಯುವ ಆ ಬೆಳಕಿನ ಖರ್ಚಿಗೆ ಆಧಾರವಾಗಿದ್ದದ್ದು ಗಣಿಯ ಬೇಡಿಕೆ.

ಸುರಂಗಕ್ಕೆ ಇಳಿದವರು

ಗಣಿಗೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರಿನ ಕಡೆಯಿಂದ ಬಂದ ತಮಿಳು, ತೆಲುಗು ದಲಿತರು. ಊರಿನಲ್ಲಿ ತುಂಡು ಭೂಮಿಯಿಲ್ಲದ, ಜೀತವನ್ನೂ ಬರವನ್ನೂ ಕಂಡಿದ್ದ ಕುಟುಂಬಗಳು ಅವು. ಇಪ್ಪತ್ತನೆಯ ಶತಮಾನದ ಮೊದಲ ದಶಕಕ್ಕೆ ದುಡಿಯುವವರ ಸಂಖ್ಯೆ ಮೂವತ್ತು ಸಾವಿರದ ಆಸುಪಾಸಿಗೆ ಬಂದಿತ್ತು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕೂಲಿಗಳಿಗೆ ಸಾಲುಮನೆ, ಜನ ಅದನ್ನು ಲೈನು ಎಂದೇ ಕರೆದರು, ಇಂದಿಗೂ ಹಾಗೇ ಕರೆಯುತ್ತಾರೆ. ಒಂದು ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಹೆರಿಗೆ, ಅದರಲ್ಲೇ ಕಾಯಿಲೆ.

ಸುರಂಗದ ಕೆಲಸದ ದೊಡ್ಡ ಪಾಲು ಗುತ್ತಿಗೆದಾರರ ಕೈಯಲ್ಲಿತ್ತು. ಊರಿನಿಂದ ಆಳು ಕರೆತರುವವನು, ಮುಂಗಡ ಕೊಡುವವನು, ಕೂಲಿ ಹಂಚುವವನು ಮೇಸ್ತ್ರಿ. ಕಂಪನಿ ಲೆಕ್ಕದಲ್ಲಿ ಚಿನ್ನದ ತೂಕ ಔನ್ಸಿನವರೆಗೆ ಖಚಿತವಾಗಿ ಇರುತ್ತಿತ್ತು. ಆದರೆ ಗುತ್ತಿಗೆಯ ಆಳು ಯಾವ ಊರಿನವನು, ಎಷ್ಟು ವರ್ಷ ದುಡಿದ, ಕೆಮ್ಮು ಹತ್ತಿ ಊರಿಗೆ ಹೋದವನು ಏನಾದ ಎಂಬ ಲೆಕ್ಕ ಇಡುವ ಅಗತ್ಯ ಅದಕ್ಕೆ ಕಾಣಲಿಲ್ಲ. ಮಧ್ಯದಲ್ಲಿ ಒಬ್ಬ ಗುತ್ತಿಗೆದಾರನನ್ನು ನಿಲ್ಲಿಸಿದರೆ ಹೊಣೆ ಕಳಚಿಕೊಳ್ಳಬಹುದು ಎಂಬ ಪಾಠವನ್ನು ಇಂದಿನ ಗಣಿಗಳೂ ಮರೆತಿಲ್ಲ.

ಕಾನೂನು ಯಾರ ಪರ ನಿಂತಿತ್ತು ಎಂಬುದಕ್ಕೆ 1897ರ ಮೈಸೂರು ಗಣಿ ಶಾಸನ ಸಾಕ್ಷಿ. ಗಣಿ ಪ್ರದೇಶದಲ್ಲಿ ಯಾರ ಬಳಿಯಾದರೂ ಲೆಕ್ಕವಿಲ್ಲದ ಚಿನ್ನದ ಅಂಶ ಸಿಕ್ಕರೆ ಅದು ಅಪರಾಧ. ಶೋಧನೆ, ಕಾವಲು, ಬೇಲಿ ದಿನದ ಬದುಕಾದವು. ಚಿನ್ನ ಕದಿಯದಂತೆ ನೋಡಿಕೊಳ್ಳಲು ಶಾಸನ ಬಂತು. ಶ್ವಾಸಕೋಶ ಕಾಯುವ ನಿಯಮಕ್ಕೆ ಇನ್ನೂ ನಲವತ್ತಕ್ಕೂ ಹೆಚ್ಚು ವರ್ಷ ಕಾಯಬೇಕಿತ್ತು.

ಇಂಥ ಸ್ಥಿತಿಯಲ್ಲೂ ಕಾರ್ಮಿಕರು ತಮ್ಮ ಬದುಕನ್ನು ತಾವೇ ಕಟ್ಟಿಕೊಂಡರು. ತಮಿಳು ದಲಿತ ಚಿಂತಕ ಅಯೋತಿದಾಸರ ಪ್ರಭಾವದಿಂದ ಮಾರಿಕುಪ್ಪದಲ್ಲಿ ಶಾಕ್ಯ ಬೌದ್ಧ ಸಂಘ ಹುಟ್ಟಿತು. ಜಾತಿಯ ಹೆಸರಿನಲ್ಲಿ ದೂರವಿಡಲ್ಪಟ್ಟವರಿಗೆ ಬೌದ್ಧ ಧರ್ಮವೇ ತಮ್ಮ ಮೂಲವೆಂದು ಸಂಘ ಹೇಳಿತು. ಅಯೋತಿದಾಸರ ‘ತಮಿಳನ್’ ಪತ್ರಿಕೆಯನ್ನು ಜಿ. ಅಪ್ಪಾದುರೈಯಾರ್ 1926ರಲ್ಲಿ ಇದೇ ಚಾಂಪಿಯನ್ ರೀಫ್‌ನಿಂದ ಮತ್ತೆ ಹೊರಡಿಸಿದರು. ಒಂದು ಕೋಣೆಯ ಲೈನುಗಳಲ್ಲಿ ಪತ್ರಿಕೆ ಓದುವ, ವಾದ ಮಾಡುವ, ಮಕ್ಕಳಿಗೆ ಅಕ್ಷರ ಕಲಿಸುವ ತಲೆಮಾರು ಬೆಳೆಯಿತು. ಕಂಪನಿಯನ್ನು ಮುಂದೆ ಎದುರಿಸಿ ನಿಂತದ್ದು ಈ ತಲೆಮಾರು.

ಬೆರಳಚ್ಚಿನಿಂದ ಗುಂಡಿನವರೆಗೆ

1930ರಲ್ಲಿ ಕಂಪನಿಗಳು ಪ್ರತಿ ಕಾರ್ಮಿಕನ ಬೆರಳಚ್ಚು ಪಡೆದು ನೋಂದಣಿ ಮಾಡುವ ಯೋಜನೆ ತಂದವು. ಬೆರಳಚ್ಚು ಕೊಡಬೇಕಾದವರು ಕಳ್ಳರು ಎಂಬುದು ಜನರ ತಿಳಿವಳಿಕೆ. ಜೊತೆಗೆ ಒಂದು ಗಣಿಯಲ್ಲಿ ಕೆಲಸ ಕಳೆದುಕೊಂಡವನಿಗೆ ಇನ್ನೊಂದರಲ್ಲೂ ಬಾಗಿಲು ಮುಚ್ಚುತ್ತದೆ ಎಂಬ ಭಯ. ಕಾರ್ಮಿಕ ಸಂಘವಿಲ್ಲ, ಗುರುತಿನ ನಾಯಕರಿಲ್ಲ. ಆದರೂ ಸಾವಿರಾರು ಜನ ಸುರಂಗಕ್ಕೆ ಇಳಿಯಲಿಲ್ಲ. ಸುಮಾರು ಮೂರು ವಾರ ಗಣಿ ಸ್ತಬ್ಧವಾಯಿತು. ಕೊನೆಗೆ ಕಂಪನಿಗಳು ಹಿಂದೆಗೆದವು. ಕೂಲಿಯ ಕಾಸಿಗಿಂತ ಮೊದಲು ಮರ್ಯಾದೆಗಾಗಿ ಈ ಜನ ಕೆಲಸ ನಿಲ್ಲಿಸಿದರು ಎಂಬುದು ನಮ್ಮ ಕಾರ್ಮಿಕ ಚರಿತ್ರೆಯ ದೊಡ್ಡ ಸಂಗತಿ.

ಸಂಘ ಕಟ್ಟುವ ಹಕ್ಕಿಗೆ ಮೈಸೂರು ಸಂಸ್ಥಾನದಲ್ಲಿ ಕಾನೂನಿನ ಮಾನ್ಯತೆ ಸಿಕ್ಕಿದ್ದು 1941–42ರಲ್ಲಿ. ಕಮ್ಯುನಿಸ್ಟ್ ನಾಯಕ ಕೆ.ಎಸ್. ವಾಸನ್ ಗಣಿ ಕಾರ್ಮಿಕರನ್ನು ಒಟ್ಟುಗೂಡಿಸಿದರು. ಎರಡನೆಯ ಮಹಾಯುದ್ಧದ ಬೆಲೆ ಏರಿಕೆ ಹೊಟ್ಟೆಗೆ ಹೊಡೆದಿತ್ತು. 1946ರಲ್ಲಿ ಮುಷ್ಕರದ ಬಿಸಿ ಏರಿತು. ಆ ವರ್ಷದ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಕೆಜಿಎಫ್‌ನಲ್ಲಿ, ಅಂದರೆ ಕೋಲಾರ ಚಿನ್ನದ ಗಣಿಯ ಊರಿನಲ್ಲಿ, ಇಂದಿಗೂ ಪ್ರತಿ ನವೆಂಬರ್ 4ರಂದು ಆ ಹುತಾತ್ಮರಿಗೆ ಕೆಂಬಾವುಟ ಹಿಡಿದು ನಮಿಸುತ್ತಾರೆ. ಆ ಗುಂಡೇಟಾಗಿ ಎರಡು ವರ್ಷಕ್ಕೆ, 1948ರಲ್ಲಿ, ಬೆಂಗಳೂರಿನ ಜಯನಗರಕ್ಕೆ ಶಂಕುಸ್ಥಾಪನೆಯಾಯಿತು. ಅಗಲ ರಸ್ತೆ, ಉದ್ಯಾನ, ಗಾಳಿ ಬೆಳಕಿನ ಮನೆಗಳನ್ನು ಸರ್ಕಾರ ಅಲ್ಲಿ ನಕ್ಷೆ ಹಾಕಿ ಕಟ್ಟಿಸಿತು. ನೂರು ಕಿಲೋಮೀಟರ್ ದೂರದಲ್ಲಿ ಅದೇ ಸಂಸ್ಥಾನದ ಪ್ರಜೆಗಳು ಒಂದು ಕೋಣೆಯ ಲೈನಿನಲ್ಲಿ, ಗುಂಡೇಟಿನ ನೆನಪಿನಲ್ಲಿ ಬದುಕುತ್ತಿದ್ದರು. ಗಾಳಿ ಬೆಳಕು ಮನುಷ್ಯನ ಹಕ್ಕೆಂಬುದು ಸರ್ಕಾರಕ್ಕೆ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ.

7,653ರಲ್ಲಿ 3,402

ಇಡೀ ಚರಿತ್ರೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ಸಂಖ್ಯೆ ಇದು. ಕೋಲಾರದ ಚಿನ್ನ ಬೆಣಚುಕಲ್ಲಿನಲ್ಲಿತ್ತು. ಬೆಣಚು ಎಂದರೆ ಸಿಲಿಕ. ಡ್ರಿಲ್ಲು ಕೊರೆದಾಗ, ಮದ್ದು ಸಿಡಿದಾಗ ಏಳುವ ದೂಳಿನ ಅತಿ ಸಣ್ಣ ಕಣಗಳು ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸಕೋಶದಲ್ಲಿ ಕೂರುತ್ತವೆ. ಕೂತಲ್ಲಿ ಗಾಯವಾಗುತ್ತದೆ, ಗಾಯ ಗಟ್ಟಿಯಾಗುತ್ತದೆ, ಶ್ವಾಸಕೋಶ ಹಿಗ್ಗುವುದು ನಿಲ್ಲುತ್ತದೆ. ಇದು ಸಿಲಿಕೋಸಿಸ್. ಹತ್ತು ಹದಿನೈದು ವರ್ಷ ಏನೂ ಗೊತ್ತಾಗದೆ ಇರಬಹುದು. ಕೆಲಸ ಬಿಟ್ಟ ಮೇಲೂ ಬೆಳೆಯುತ್ತದೆ. ಕ್ಷಯ ಬೇಗ ಅಂಟಿಕೊಳ್ಳುತ್ತದೆ. ವಾಸಿ ಮಾಡುವ ಔಷಧಿ ಇಲ್ಲ.

ಮೈಸೂರು ಸರ್ಕಾರ 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ತಂದು ಇದನ್ನು ಪರಿಹಾರ ಕೊಡಬೇಕಾದ ಕಾಯಿಲೆಯೆಂದು ಒಪ್ಪಿತು. ಆ ಬಳಿಕ 1940ರಿಂದ 1946ರವರೆಗೆ ವೈದ್ಯರಾದ ಕಪ್ಲನ್ ಮತ್ತು ಬರ್ಡನ್ ಗಣಿ ಕಾರ್ಮಿಕರನ್ನು ಪರೀಕ್ಷಿಸಿದರು. ಪರೀಕ್ಷೆಗೆ ಒಳಗಾದವರು 7,653 ಮಂದಿ. ಸಿಲಿಕೋಸಿಸ್ ಇದ್ದವರು 3,402 ಮಂದಿ. ಭಾರತದಲ್ಲಿ ಈ ಕಾಯಿಲೆಯ ಮೊದಲ ದೊಡ್ಡ ಸಮೀಕ್ಷೆ ಇದು, ಈ ದೇಶದ ಔದ್ಯೋಗಿಕ ಕಾಯಿಲೆಗಳ ಚರ್ಚೆ ಇಂದಿಗೂ ಈ ಅಂಕಿಯಿಂದಲೇ ಶುರುವಾಗುತ್ತದೆ. ನೂರು ಜನರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿಯ ಶ್ವಾಸಕೋಶ ಕಲ್ಲಾಗಿತ್ತು. ಇವರು ಇನ್ನೂ ಕೆಲಸದಲ್ಲಿ ಇದ್ದವರು. 1880ರಿಂದ 1940ರವರೆಗಿನ ಅರವತ್ತು ವರ್ಷಗಳಲ್ಲಿ ದುಡಿದು, ಕೆಮ್ಮುತ್ತ ಆರ್ಕಾಟಿನ ಹಳ್ಳಿಗೆ ಮರಳಿದವರು ಯಾವ ಸಮೀಕ್ಷೆಗೂ ಸಿಗಲಿಲ್ಲ. ಅವರ ಸಾವಿಗೆ ಹಳ್ಳಿಯಲ್ಲಿ ಇಟ್ಟ ಹೆಸರು ಕ್ಷಯ.

ಕಂಪನಿಗೆ ದೂಳಿನ ಅಪಾಯ ತಿಳಿದಿರಲಿಲ್ಲ ಎನ್ನಲು ಬರುವುದಿಲ್ಲ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಇದೇ ಕಾಯಿಲೆ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಆಯೋಗಗಳ ವಿಚಾರಣೆಗೆ ಬಂದಿತ್ತು, ಅಲ್ಲಿ ಪರಿಹಾರದ ಕಾನೂನೂ ಆಗಿತ್ತು. ಗಣಿ ಲೋಕದ ಸುದ್ದಿ ಲಂಡನ್ನಿನ ಕಚೇರಿಗಳಿಗೆ ಮೊದಲು ಮುಟ್ಟುತ್ತಿತ್ತು. ಒಂದೇ ಉದ್ಯಮ, ಒಂದೇ ಬೆಣಚು, ಒಂದೇ ಕಾಯಿಲೆ. ತಿಳಿದಿದ್ದನ್ನು ಕೋಲಾರದಲ್ಲಿ ಜಾರಿಗೆ ತರಲು ಮೂರು ದಶಕ ಹಿಡಿಯಿತು.

ಒಡೆಯರು ಬದಲಾದರು

1956ರ ನವೆಂಬರ್ ಕೊನೆಯಲ್ಲಿ ಮೈಸೂರು ಸರ್ಕಾರ ಕಾಯಿದೆ ಮಾಡಿ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು. ಟೇಲರ್ ಮನೆತನದ ಮುಕ್ಕಾಲು ಶತಮಾನದ ಆಳ್ವಿಕೆ ಮುಗಿಯಿತು. ಕಂಪನಿಗಳಿಗೆ ಪರಿಹಾರ ಸಿಕ್ಕಿತು. ಅವು ಬಿಟ್ಟುಹೋದ ಕಾಯಿಲೆ, ಚಿನ್ನ ತೆಗೆದು ಉಳಿದ ಸೈನೈಡ್ ದೂಳಿನ ಗುಡ್ಡೆ, ಸುಮಾರು ಮೂರು ಕಿಲೋಮೀಟರ್ ಆಳದ ಸುರಂಗ ಇವುಗಳ ಹೊಣೆಯನ್ನು ಯಾರೂ ಅವುಗಳಿಂದ ವಸೂಲು ಮಾಡಲಿಲ್ಲ. 1962ರಲ್ಲಿ ಗಣಿ ಕೇಂದ್ರ ಸರ್ಕಾರದ ಕೈಗೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರುವರಿ 28ರಂದು ಮುಚ್ಚಿತು. ಒಟ್ಟು ಸುಮಾರು 800 ಟನ್ ಚಿನ್ನ ಆ ನೆಲದಿಂದ ಹೋಗಿತ್ತು.

ಸ್ವದೇಶಿ ಒಡೆತನ ಬಂದ ಮೇಲೆ ಕೆಲಸದ ಭದ್ರತೆ, ಆಸ್ಪತ್ರೆ, ಶಾಲೆ ಸುಧಾರಿಸಿದ್ದು ನಿಜ. ಆದರೆ ಮುಚ್ಚುವಾಗ ನಮ್ಮದೇ ಸರ್ಕಾರ ಮಾಡಿದ್ದು ಪರದೇಶಿ ಕಂಪನಿ ಮಾಡಿದ್ದನ್ನೇ. ಸಾವಿರಾರು ಕುಟುಂಬಗಳು ಒಂದೇ ದಿನದಲ್ಲಿ ಸಂಬಳ ಕಳೆದುಕೊಂಡವು. ಲೈನಿನ ಮನೆಗಳ ಹಕ್ಕುಪತ್ರ ವರ್ಷಗಟ್ಟಲೆ ತೂಗಾಡಿತು. ಅಂದಿನಿಂದ ಬೆಳಗಿನ ಜಾವ ಮಾರಿಕುಪ್ಪದಿಂದ ಹೊರಡುವ ರೈಲುಗಳು ಬೆಂಗಳೂರಿಗೆ ಜನರನ್ನು ಹೊತ್ತು ತರುತ್ತಿವೆ. ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ನಗರದ ಅಂಗಡಿ, ಆಸ್ಪತ್ರೆ, ಕಟ್ಟಡ, ಕಚೇರಿಗಳಲ್ಲಿ ದುಡಿದು ರಾತ್ರಿ ಮನೆ ಸೇರುತ್ತಾರೆ. ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ನಮ್ಮ ಎದುರು ನಿಂತು ಬಿಲ್ಲು ಬರೆಯುವವರ, ಕಾವಲು ಕಾಯುವವರ ನಡುವೆ ಅವರೂ ಇದ್ದಾರೆ.

ಹೊಣೆ ಎಂದರೆ ಏನು

2011ರ ಜೂನ್ 16ರಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಜಾನ್ ರಗ್ಗೀ ರೂಪಿಸಿದ, ಉದ್ಯಮ ಮತ್ತು ಮಾನವ ಹಕ್ಕುಗಳ ಕುರಿತ ಮಾರ್ಗದರ್ಶಿ ತತ್ವಗಳನ್ನು ಅಂಗೀಕರಿಸಿತು. ತಿರುಳು ಮೂರು ಮಾತು: ಹಕ್ಕುಗಳನ್ನು ಕಾಪಾಡುವುದು ಸರ್ಕಾರದ ಕರ್ತವ್ಯ, ಅವುಗಳನ್ನು ಗೌರವಿಸುವುದು ಕಂಪನಿಯ ಹೊಣೆ (ತನ್ನ ಗುತ್ತಿಗೆದಾರರ ಮೂಲಕ ಆಗುವ ಹಾನಿಗೂ ಅದು ಉತ್ತರ ಹೇಳಬೇಕು), ಹಾನಿಯಾದವರಿಗೆ ಪರಿಹಾರದ ದಾರಿ ಇರಬೇಕು. ಕೋಲಾರದ ಚರಿತ್ರೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಮೂರೂ ಕಡೆ ಸೋಲು ಕಾಣುತ್ತದೆ. ಸರ್ಕಾರ ರಾಜಧನ ಕಾಪಾಡಿತು. ಕಂಪನಿ ಗುತ್ತಿಗೆದಾರನ ಹಿಂದೆ ನಿಂತಿತು. ಪರಿಹಾರ ಬಂದಾಗ ಬಹುಪಾಲು ಜನ ಸತ್ತಿದ್ದರು.

ಇದು ಹಳೆಯ ಮಾತು, ಈಗೇನು ಮಾಡಲು ಸಾಧ್ಯ ಎನ್ನುವವರು ದಕ್ಷಿಣ ಆಫ್ರಿಕವನ್ನು ನೋಡಬೇಕು. ಅಲ್ಲಿನ ಚಿನ್ನದ ಗಣಿಗಳ ಸಿಲಿಕೋಸಿಸ್ ಪೀಡಿತರು ಒಟ್ಟಾಗಿ ಮೊಕದ್ದಮೆ ಹೂಡಿದರು. 2019ರ ಜುಲೈನಲ್ಲಿ ಜೋಹಾನ್ಸ್‌ಬರ್ಗಿನ ಹೈಕೋರ್ಟು ಆರು ಗಣಿ ಕಂಪನಿಗಳ ಜೊತೆಗಿನ ಒಪ್ಪಂದಕ್ಕೆ ಮುದ್ರೆ ಒತ್ತಿತು. 500 ಕೋಟಿ ರ್ಯಾಂಡ್ ಮೊತ್ತದ ಆ ನಿಧಿ 1965ರ ಮಾರ್ಚ್‌ನಿಂದ ಈಚೆಗೆ ದುಡಿದವರಿಗೂ ಸತ್ತವರ ಕುಟುಂಬಗಳಿಗೂ ಸೇರುತ್ತದೆ. ಅದೇ 2019ರ ಏಪ್ರಿಲ್ 10ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟು, ಜಾಂಬಿಯದ ಚಿಂಗೋಲದ 1,826 ಹಳ್ಳಿಗರು ತಾಮ್ರದ ಗಣಿಯ ಮಾಲಿನ್ಯಕ್ಕಾಗಿ ವೇದಾಂತ ಕಂಪನಿಯ ಮೇಲೆ ಲಂಡನ್ನಿನಲ್ಲೇ ದಾವೆ ನಡೆಸಬಹುದು ಎಂದು ತೀರ್ಪು ಕೊಟ್ಟಿತು. ದೂರದ ದೇಶದ ಅಂಗಸಂಸ್ಥೆಯ ಹಿಂದೆ ಮಾತೃ ಕಂಪನಿ ಅಡಗಿ ಕೂರಲಾಗದು ಎಂಬ ಈ ಮಾತು 1946ರಲ್ಲಿ ಇದ್ದಿದ್ದರೆ, ಆ 3,402 ಮಂದಿಗೂ ಲಂಡನ್ನಿನ ಬಾಗಿಲು ತಟ್ಟುವ ದಾರಿ ಇರುತ್ತಿತ್ತು.

ನಮ್ಮ ರಾಜ್ಯದಲ್ಲೂ ಮಾದರಿಯಿದೆ. ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಅದಿರು ಗಣಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ, ಪ್ರತಿ ಗಣಿ ಗುತ್ತಿಗೆಗೂ ನೆಲ ಸರಿಪಡಿಸುವ ಯೋಜನೆ ಇರಬೇಕೆಂದು, ಅದನ್ನು ಜಾರಿಗೊಳಿಸಿದ ಮೇಲೆಯೇ ಗಣಿ ಮತ್ತೆ ತೆರೆಯಬೇಕೆಂದು ಷರತ್ತು ಹಾಕಿತು. ಆ ಅಳತೆಗೋಲು ಕೋಲಾರಕ್ಕೆ ಇನ್ನೂ ಬಂದಿಲ್ಲ.

ಬರಲೇಬೇಕಾದ ಹೊತ್ತು ಇದು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ, ಸುಮಾರು ಸಾವಿರ ಎಕರೆಯಲ್ಲಿ ಹರಡಿರುವ ಕೆಜಿಎಫ್‌ನ 13 ಸೈನೈಡ್ ಗುಡ್ಡೆಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿದೆ. ಮೂರು ಕೋಟಿ ಟನ್ನಿಗೂ ಹೆಚ್ಚಿನ ಆ ಮಣ್ಣು ಆಷಾಢದ ಗಾಳಿಗೆ ಎದ್ದು ಊರಿನ ಒಲೆ, ಹಾಸಿಗೆ, ಎದೆಗಳ ಮೇಲೆ ಬೀಳುತ್ತ ಬಂದಿದೆ. ಅದನ್ನು ಯಂತ್ರಗಳಿಂದ ಮತ್ತೆ ಕೆದಕುವ ಕೆಲಸ ಯಾವ ದೇಶದ ಕಂಪನಿಗೆ ಸಿಕ್ಕರೂ ಮೊದಲ ಗುದ್ದಲಿ ಬೀಳುವ ಮುನ್ನ ನಾಲ್ಕು ಷರತ್ತು ಲಿಖಿತವಾಗಿ ಇರಬೇಕು. ಊರಿನ ಪ್ರತಿಯೊಬ್ಬ ಹಳೆಯ ಕಾರ್ಮಿಕನ ಶ್ವಾಸಕೋಶ ಪರೀಕ್ಷೆ ಮತ್ತು ಚಿಕಿತ್ಸೆಗೆ ನಿಧಿ. ದೂಳು ಏಳದಂತೆ ಕೆಲಸ ಮಾಡುವ ವಿಧಾನ, ಅದರ ಅಳತೆ ಪ್ರತಿದಿನ ಊರಿಗೆ ಕಾಣುವಂತೆ ಪ್ರಕಟಣೆ. ಗುತ್ತಿಗೆ ಕಾರ್ಮಿಕನಿಗೂ ಕಾಯಂ ಕಾರ್ಮಿಕನಿಗೂ ಒಂದೇ ರಕ್ಷಣೆ. ಲೈನುಗಳಲ್ಲಿ ತಲೆಮಾರುಗಳಿಂದ ಬದುಕುತ್ತಿರುವವರಿಗೆ ಮನೆಯ ಹಕ್ಕು.

ಈ ಷರತ್ತುಗಳು ಕೆಜಿಎಫ್‌ನ ಜನ ಮಾತ್ರ ಕೂಗಿದರೆ ಬರುವುದಿಲ್ಲ. ವಿಧಾನಸೌಧ ಇರುವ ಊರಿನವರೂ ಕೇಳಬೇಕು. ಕಾವೇರಿಯ ವಿದ್ಯುತ್ತಿನಿಂದ ಬನಶಂಕರಿಯ ಶಿಲಾವಿಜ್ಞಾನದವರೆಗೆ ಆ ಗಣಿಯಿಂದ ಪಡೆದದ್ದು ನಾವೇ. ಗಣಿಯ ಗುತ್ತಿಗೆಗೆ ಸಹಿ ಬೀಳುವ ಮೊದಲು ಬೆಂಗಳೂರಿನ ಓದುಗರು, ವಕೀಲರು, ವೈದ್ಯರು, ಶಾಸಕರು ಈ ನಾಲ್ಕು ಷರತ್ತುಗಳ ಪರವಾಗಿ ದನಿ ಎತ್ತಬೇಕೆಂದು ಕೇಳಿಕೊಳ್ಳುತ್ತೇನೆ.